ಹೊಗೆ ಹತ್ತಿದ್ದು, ಹೊಗೆ ಹಾಕಿದ್ದು

ಎಲ್ಲರಿಗೂ ನಮಸ್ಕಾರ.

ನಿಮ್ಮ ಮುಂದೆ ಮುಚ್ಚಿದ ಒಂದು ಚಿಕ್ಕ ಡಬ್ಬಿ ಇದೆ, ಪಕ್ಕದಲ್ಲಿ ಖಾಲಿ ಲೋಟ ಇದೆ. ಚಾ ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆದು ಒಂದು ಸಲ ಮೂಸಿ ನೋಡಿ. ಅವಸರ ಬೇಡ. ಮೂಸಿ, ಸ್ವಲ್ಪ ದೂರ ಹಿಡಿದು, ಮತ್ತೆ ಮೂಸಿ.

ಹಿಂದಿನ ಸಾಲಿನಿಂದ ಒಂದು ಮಾತು ಕೇಳಿಸಿತು: "ಹೊಗೆ ಹತ್ತಿದ ಹಾಗಿದೆಯಲ್ಲ!" ಇವತ್ತಿನ ಮಾತು ಶುರುವಾಗುವುದೇ ಅಲ್ಲಿಂದ. ನಮ್ಮ ಮನೆಗಳಲ್ಲಿ ಅನ್ನಕ್ಕೆ ಹೊಗೆ ಹತ್ತಿದರೆ, ಹಾಲಿಗೆ ಹೊಗೆ ಹತ್ತಿದರೆ ಅದು ದೂರು. ಪಾಯಸಕ್ಕೆ ಹತ್ತಿದರಂತೂ ನೆಂಟರ ಮುಂದೆ ತಲೆ ತಗ್ಗಿಸಬೇಕು. ಆದರೆ ಅದೇ ಮನೆಯಲ್ಲಿ ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತೇವೆ. ಘಟ್ಟದ ಕಡೆ ಉಪ್ಪಾಗೆ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುತ್ತಾರೆ, ಆ ಹುಳಿಗೆ ಹೊಗೆಯ ಕಂಪು ಇದ್ದರೇನೇ ಮೀನಿನ ಸಾರಿಗೆ ರುಚಿ. ಹೊಗೆ ಹತ್ತುವುದು ಬೇರೆ, ಹೊಗೆ ಹಾಕುವುದು ಬೇರೆ. ಒಂದು ನಮ್ಮ ಕೈ ತಪ್ಪಿ ಆಗಿದ್ದು, ಇನ್ನೊಂದು ಕೈಯಾರೆ ಮಾಡಿದ್ದು. ಈ ಡಬ್ಬಿಯಲ್ಲಿ ಇರುವುದು ಎರಡನೆಯದು. ಕುಡಿಯುವಾಗ ಆ ವ್ಯತ್ಯಾಸ ನಾಲಿಗೆಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ಡಬ್ಬಿಯಲ್ಲಿ ಏನೇನಿದೆ ಅಂತ ಹೇಳಿಬಿಡುತ್ತೇನೆ. ಹೊಗೆ ಹಾಕಿದ ಚೀನಾದ ಕಪ್ಪು ಚಾ ಒಂದು ಪಾಲು. ನೀಲಗಿರಿಯ ಎಲೆ ಚಾ ಎರಡು ಪಾಲು. ಹುರಿದು ತರಿತರಿಯಾಗಿ ಮುರಿದ ಕೊಕ್ಕೊ ಬೀಜ, ಅದರ ಸಿಪ್ಪೆ ಸ್ವಲ್ಪ. ಬೀಜ ತೆಗೆದ ಬ್ಯಾಡಗಿ ಮೆಣಸಿನ ಚೂರು, ಒಂದು ಚಕ್ಕೆ, ನಾಲ್ಕು ಕಾಳು ಒಳ್ಳೆಮೆಣಸು. ಎಸೆನ್ಸ್ ಹಾಕಿಲ್ಲ. ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ಚಾ ಪೊಟ್ಟಣದ ಹಿಂದೆ ಒಮ್ಮೆ ಓದಿ ನೋಡಿ. ಕೊಕ್ಕೊ ಅಂತ ಬರೆದಿದೆಯೋ, ಬರೀ ಫ್ಲೇವರ್ ಅಂತ ಬರೆದಿದೆಯೋ ನೋಡಿ. ಫ್ಲೇವರ್ ಮಾತ್ರ ಇದ್ದರೆ ಮೂಗಿಗೆ ಜಾಸ್ತಿ ಸಿಗುತ್ತದೆ, ಬಾಯಿಗೆ ಏನೂ ಸಿಗುವುದಿಲ್ಲ.

ಮೊದಲು ಆ ಹೊಗೆ ಚಾದ ವಿಷಯ. ಹೊರಗಿನವರು ಅದನ್ನು ಲಾಪ್ಸಾಂಗ್ ಸೂಚಾಂಗ್ ಅನ್ನುತ್ತಾರೆ. ಅದರ ಊರು ಚೀನಾದ ಫುಜಿಯನ್ ಪ್ರಾಂತ್ಯದ ವುಯಿ ಬೆಟ್ಟಗಳ ಒಳಗಿರುವ ತೊಂಗ್‌ಮು. 1999ರಲ್ಲಿ ವುಯಿ ಬೆಟ್ಟ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿನವರು ಈ ಚಾವನ್ನು ಕರೆಯುವುದು ಝೆಂಗ್‌ಶಾನ್ ಶಿಯಾವೊಝೊಂಗ್ ಅಂತ. ಸೈನಿಕರು ಬಂದು ಊರಲ್ಲಿ ತಂಗಿದರು, ಚಾ ಸಂಸ್ಕರಣೆ ತಡವಾಯಿತು, ಎಲೆ ಹಾಳಾಗಬಾರದು ಅಂತ ಪೈನ್ ಸೌದೆಯ ಬೆಂಕಿಯಲ್ಲಿ ಅವಸರವಾಗಿ ಒಣಗಿಸಿದರು ಅಂತ ಒಂದು ಕಥೆ ಇದೆ. ಕಥೆ ಕಥೆಯೇ. ಆದರೆ ಅಲ್ಲಿನ ಚಾ ಮನೆ ಮಾತ್ರ ಕಥೆಯಲ್ಲ. ಅದು ಮರದ ಅಟ್ಟಗಳಿರುವ, ಅಂತಸ್ತಿನ ಮೇಲೆ ಅಂತಸ್ತಿನ ಮನೆ. ಕೆಳಗೆ ಪೈನ್ ಸೌದೆ ಉರಿಯುತ್ತದೆ. ಮೇಲಿನ ಅಟ್ಟದಲ್ಲಿ ಹಸಿ ಎಲೆ ಬಾಡುತ್ತದೆ. ಆಮೇಲೆ ಎಲೆಯನ್ನು ಉಜ್ಜಿ ಸುರುಳಿ ಮಾಡುತ್ತಾರೆ, ಕಪ್ಪಾಗಲು ಬಿಡುತ್ತಾರೆ, ಬಿಸಿ ಬಾಣಲೆಯಲ್ಲಿ ಒಂದು ಸಲ ಹುರಿಯುತ್ತಾರೆ. ಕೊನೆಗೆ ಬಿದಿರಿನ ತಟ್ಟೆಯಲ್ಲಿ ಹರಡಿ ಮತ್ತೆ ಹೊಗೆಗೆ ಇಡುತ್ತಾರೆ. ಅಂದರೆ ಎಲೆ ಹಸಿಯಿರುವಾಗ ಒಮ್ಮೆ, ಕೊನೆಯಲ್ಲಿ ಒಮ್ಮೆ, ಎರಡು ಸಲ ಹೊಗೆ ಕುಡಿಯುತ್ತದೆ. ಮಲೆನಾಡಿನ ಮನೆಯಲ್ಲಿ ಒಲೆಯ ಮೇಲಿನ ಅಟ್ಟ ನೋಡಿದವರಿಗೆ ಇದನ್ನು ಚಿತ್ರ ಬಿಡಿಸಿ ತೋರಿಸಬೇಕಾಗಿಲ್ಲ, ಅಲ್ವಾ?

ಇಲ್ಲೊಂದು ಮಾತು ಹೇಳದೆ ಇರಲಾರೆ. ನಾವು ಇಲ್ಲಿ ಚಾ ಅನ್ನುತ್ತೇವೆ, ಹುಬ್ಬಳ್ಳಿಯಲ್ಲಿ ಚಹಾ, ಬೆಂಗಳೂರಲ್ಲಿ ಟೀ. ಚೀನಾದ ಹೆಚ್ಚಿನ ಕಡೆ ಅದು 'ಚಾ'. ಫುಜಿಯನ್ ಕರಾವಳಿಯ ಮಾತಿನಲ್ಲಿ ಮಾತ್ರ 'ತೆ'. ಡಚ್ ವ್ಯಾಪಾರಿಗಳು ಆ ಕರಾವಳಿಯ ಪದವನ್ನು ಯುರೋಪಿಗೆ ಒಯ್ದರು, ಅದು ಇಂಗ್ಲಿಷಿನಲ್ಲಿ ಟೀ ಆಯಿತು, ಅಲ್ಲಿಂದ ನಮ್ಮ ಹೋಟೆಲಿನ ಬೋರ್ಡಿಗೆ ಬಂತು. ಈ ಹೊಗೆ ಚಾ ಹುಟ್ಟಿದ್ದೂ ಅದೇ ಫುಜಿಯನ್‌ನಲ್ಲಿ. ಎಲೆ ಮತ್ತು ಹೆಸರು ಒಂದೇ ಸೀಮೆಯವು.

ಒಳ್ಳೆಯ ತೊಂಗ್‌ಮು ಚಾ ಮೂಸಿದರೆ ಡಾಂಬರಿನ ನೆನಪಾಗಬಾರದು. ಅಲ್ಲಿನವರು ಅದನ್ನು ಒಣಗಿಸಿದ ಲಾಂಗನ್ ಹಣ್ಣಿಗೆ ಹೋಲಿಸುತ್ತಾರೆ. ಲಾಂಗನ್ ಲಿಚ್ಚಿಯ ಬಳಗದ ಹಣ್ಣು. ನನ್ನ ಮೂಗಿಗೆ ಅದು ಧೂಪದ ಮರದ ಅಂಟನ್ನು ಕೆಂಡಕ್ಕೆ ಹಾಕಿದ ಹಾಗೆ. ಪೈನ್ ಮರದಲ್ಲೂ ಅಂಟು ಇದೆಯಲ್ಲ, ಅದಕ್ಕೇ ಇರಬೇಕು. ಸುಮ್ನೆ ಕಮಟು ಹೊಡೆದು, ಗಂಟಲು ಉರಿದರೆ ಅದು ಕೆಟ್ಟ ಹೊಗೆ. ಹೊಗೆಯ ಆರೋಗ್ಯದ ಮಾತೂ ಇದೆ. ಸೌದೆ ಹೊಗೆಯಲ್ಲಿ ಬೇಡವಾದ ಪದಾರ್ಥಗಳೂ ಇರುತ್ತವೆ. ಅವುಗಳಲ್ಲಿ ಆಂಥ್ರಾಕ್ವಿನೋನ್ ಒಂದು. ಯುರೋಪ್ ಒಕ್ಕೂಟ ಅದಕ್ಕೆ ಒಂದು ಕಿಲೋ ಚಾದಲ್ಲಿ 0.02 ಮಿಲಿಗ್ರಾಂ ಮಿತಿ ಇಟ್ಟಿದೆ. ಹಾಗಾಗಿ ಇದು ದಿನಕ್ಕೆ ನಾಲ್ಕು ಲೋಟ ಕುಡಿಯುವ ಚಾ ಅಂತ ನಾನು ಹೇಳುವುದಿಲ್ಲ. ಮಳೆಗಾಲದ ಸಂಜೆ ಒಂದು ಲೋಟ ಸಾಕು.

ಈಗ ಕೊಕ್ಕೊ. ಪುತ್ತೂರಿನಲ್ಲಿ ನಿಂತು ಕೊಕ್ಕೊ ಬಗ್ಗೆ ಹೇಳುವುದಕ್ಕೆ ಸ್ವಲ್ಪ ಅಳುಕಾಗುತ್ತದೆ. ಇಲ್ಲಿ ಕೂತ ಎಷ್ಟೋ ಜನರ ಅಡಿಕೆ ತೋಟದಲ್ಲಿ ಅದರ ಗಿಡ ಇದೆ. 1973ರಲ್ಲಿ ಅಡಿಕೆ ಮತ್ತು ಕೊಕ್ಕೊ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಶುರುವಾಯಿತು, 1986ರಲ್ಲಿ ಇದೇ ಊರಲ್ಲಿ ಚಾಕೊಲೇಟ್ ಕಾರ್ಖಾನೆ ಬಂತು. ಹಸಿ ಕೊಕ್ಕೊ, ಒಣ ಕೊಕ್ಕೊ ದರ ನೀವು ಅಡಿಕೆ ದರದ ಜೊತೆಯಲ್ಲೇ ನೋಡುತ್ತೀರಿ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಹಸಿ ಬೀಜ ಒಡೆದು ಮೂಸಿದಾಗ ಯಾರಿಗಾದರೂ ಚಾಕೊಲೇಟ್ ವಾಸನೆ ಬಂದಿದೆಯಾ? ಇಲ್ಲ. ಬಿಳಿ ತಿರುಳು ಸಿಹಿಹುಳಿ, ಬೀಜ ಕಹಿ ಮತ್ತು ಒಗರು, ಅಷ್ಟೇ. ತಿರುಳಿನ ಜೊತೆ ಐದಾರು ದಿನ ಪೆಟ್ಟಿಗೆಯಲ್ಲಿ ಹುಳಿ ಬರಲು ಬಿಟ್ಟಾಗ ರಾಶಿ ತಾನೇ ಬಿಸಿಯಾಗುತ್ತದೆ, 45ರಿಂದ 50 ಡಿಗ್ರಿ. ಬೀಜ ಒಳಗೇ ಸಾಯುತ್ತದೆ, ಅದರ ಬಣ್ಣ ಕಂದಾಗುತ್ತದೆ. ಚಾಕೊಲೇಟ್ ಪರಿಮಳಕ್ಕೆ ಬೇಕಾದ ಸಾಮಾನು ಆಗ ಸಿದ್ಧವಾಗುತ್ತದೆ. ಪರಿಮಳ ಹೊರಗೆ ಬರುವುದು ಹುರಿದ ಮೇಲೆ.

ನಡುವೆ ಒಣಗಿಸುವ ಕೆಲಸ ಇದೆ. ನಮ್ಮ ಕಷ್ಟ ಅಲ್ಲೇ. ಹಣ್ಣು ಬರುವ ಹೊತ್ತಿಗೆ ಮಳೆಯೂ ಬಂದಿರುತ್ತದೆ. ಬಿಸಿಲು ಇಲ್ಲದೆ ಸೌದೆ ಬೆಂಕಿಯಲ್ಲಿ ಒಣಗಿಸಿದರೆ, ಹೊಗೆ ಬೀಜಕ್ಕೆ ಸೋಕಿದರೆ, ಚಾಕೊಲೇಟ್ ಮಾಡುವವರು ಅದನ್ನು ಬೇಡ ಅನ್ನುತ್ತಾರೆ. ಬೀಜದಲ್ಲಿ ಕೊಬ್ಬು ಅರ್ಧಕ್ಕಿಂತ ಜಾಸ್ತಿ. ಕೊಬ್ಬು ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ಪಪುವಾ ನ್ಯೂಗಿನಿಯ ಕೊಕ್ಕೊಗೆ ಬಹಳ ಕಾಲ ಇದೇ ಹೆಸರಿತ್ತು, ಹೊಗೆ ವಾಸನೆಯ ಕೊಕ್ಕೊ ಅಂತ. ನೋಡಿ, ಒಂದೇ ಲೋಟದಲ್ಲಿ ಎಷ್ಟು ವಿಚಿತ್ರ! ಚಾ ಎಲೆಗೆ ಹೊಗೆ ಮರ್ಯಾದೆ, ಕೊಕ್ಕೊ ಬೀಜಕ್ಕೆ ಅದೇ ಹೊಗೆ ಕಳಂಕ. ಅದಕ್ಕೇ ನಾನು ಬಿಸಿಲಲ್ಲಿ ಒಣಗಿದ ಬೀಜವನ್ನೇ ಹುಡುಕಿ ತಂದೆ. ಹೊಗೆ ಚಾದಿಂದ ಮಾತ್ರ ಬರಲಿ, ಬೀಜ ತನ್ನ ಪರಿಮಳ ಮಾತ್ರ ಕೊಡಲಿ.

ಎರಡೂ ಹೊಂದಿಕೊಳ್ಳುವುದಕ್ಕೆ ಕಾರಣ ಇದೆ. ಮರ ಸುಟ್ಟಾಗ ಗ್ವಾಯಕಾಲ್ ಅನ್ನುವ ಪದಾರ್ಥ ಹುಟ್ಟುತ್ತದೆ, ಹೊಗೆಯ ಕಂಪಿನಲ್ಲಿ ಅದು ಮುಖ್ಯ. ವೆನಿಲಾದ ಪರಿಮಳ ಕೊಡುವ ವೆನಿಲಿನ್ ರಚನೆಯಲ್ಲಿ ಅದರ ಹತ್ತಿರದ ನೆಂಟ. ಚಾಕೊಲೇಟಿಗೆ ವೆನಿಲಾ ಹಾಕುವುದು ನಮಗೆಲ್ಲ ಗೊತ್ತು. ಹುರಿದ ಕಾಫಿಯಲ್ಲೂ ಗ್ವಾಯಕಾಲ್ ಇದೆ. ಹಾಗಾಗಿ ಫಿಲ್ಟರ್ ಕಾಫಿ ಕುಡಿದು ಬೆಳೆದ ಮೂಗಿಗೆ ಈ ಚಾ ಪೂರ್ತಿ ಹೊಸದೇನಲ್ಲ.

ಮೆಣಸಿನ ಮಾತು. ಕರಾವಳಿಯಲ್ಲಿ ಮೆಣಸು ಅಂದರೆ ಕೆಂಪು ಮೆಣಸು, ಕಪ್ಪು ಕಾಳಿಗೆ ಒಳ್ಳೆಮೆಣಸು ಅನ್ನುತ್ತೇವೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅಮೆರಿಕದ ಕಾಯಿಯನ್ನು ತಂದರು, ಅದು ನಮ್ಮ ಕಾಳಿನ ಹೆಸರನ್ನೇ ತೆಗೆದುಕೊಂಡಿತು. ಕೊಕ್ಕೊ ಹುಟ್ಟಿದ್ದೂ ಅಮೆರಿಕದಲ್ಲೇ. ಅಲ್ಲಿನ ಮಾಯಾ, ಅಜ್ಟೆಕ್ ಜನ ಕೊಕ್ಕೊವನ್ನು ನೀರಲ್ಲಿ ಕದಡಿ, ಮೆಣಸಿನಕಾಯಿ ಹಾಕಿ ಕುಡಿಯುತ್ತಿದ್ದರು. 1,200 ವರ್ಷಕ್ಕಿಂತ ಹಳೆಯ ಒಂದು ಮಾಯಾ ಪಾತ್ರೆಯ ಮೇಲೆ ಹೆಂಗಸೊಬ್ಬಳು ನಿಂತು, ನೊರೆ ಬರಲಿ ಅಂತ ಎತ್ತರದಿಂದ ಕೊಕ್ಕೊ ಸುರಿಯುತ್ತಿರುವ ಚಿತ್ರ ಇದೆ. ನಮ್ಮ ಹೋಟೆಲಿನಲ್ಲಿ ಚಾ ಎಳೆಯುವ ಕೈಯೇ ಅದು. ಹಾಗಾಗಿ ಈ ಲೋಟದಲ್ಲಿ ಕೊಕ್ಕೊ ಮತ್ತು ಮೆಣಸು ಹಳೆಯ ಜೋಡಿ. ಚಾ ಆಮೇಲೆ ಬಂದು ಸೇರಿದ್ದು.

ಲೋಟಗಳು ಬಂದವು. ಒಂದು ಲೋಟಕ್ಕೆ, ಅಂದರೆ 200 ಮಿಲಿ ನೀರಿಗೆ, ಮೂರು ಗ್ರಾಂ ಹಾಕಿದ್ದೇವೆ. ನೀರು ಕುದಿದು ಒಂದು ನಿಮಿಷ ಬಿಟ್ಟು, ನಾಲ್ಕು ನಿಮಿಷ ನೆನೆಸಿದ್ದು. ಚಾ ಪರೀಕ್ಷಕರ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 100 ಮಿಲಿಗೆ ಎರಡು ಗ್ರಾಂ, ಆರು ನಿಮಿಷ. ಅದು ದೋಷ ಹುಡುಕುವ ಲೆಕ್ಕ. ನಮಗೆ ಅಷ್ಟು ಕಡುಪು ಬೇಡ.

ಮೇಲೆ ನೋಡಿ, ತೆಳುವಾಗಿ ಎಣ್ಣೆ ಮಿನುಗುತ್ತಿದೆ. ಅದು ಕೊಕ್ಕೊದ ಬೆಣ್ಣೆ, ಲೋಟ ಸರಿಯಾಗಿ ತೊಳೆದಿಲ್ಲ ಅಂದುಕೊಳ್ಳಬೇಡಿ. ಈಗ ಸೊರ್ ಅಂತ ಶಬ್ದ ಮಾಡಿ ಹೀರಿ. ಸಂಕೋಚ ಬೇಡ, ಚಾ ಪರೀಕ್ಷಕರು ಹಾಗೇ ಕುಡಿಯುತ್ತಾರೆ. ಗಾಳಿ ಸೇರಿದರೆ ಪರಿಮಳ ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡಿ. ಈಗ ಹೊಗೆ ಎಲ್ಲಿದೆ? ಮೊದಲಿಗೆ ಮೂಗಿನ ತುದಿಯಲ್ಲಿ ಇತ್ತು, ಈಗ ಗಂಟಲಿನ ಮೇಲೆ ಇದೆ. ಮತ್ತು ಸ್ವಲ್ಪ ಸಿಹಿಯಾಗಿದೆ.

ಎರಡನೇ ಗುಟುಕಿನಲ್ಲಿ ಹೊಗೆಯನ್ನು ಬಿಟ್ಟು ಕೊಕ್ಕೊ ಹುಡುಕಿ. ಅದು ನಡುವೆ ಬರುತ್ತದೆ, ನಾಲಿಗೆಯ ಮಧ್ಯದಲ್ಲಿ, ಒಂದು ದಪ್ಪದ ಹಾಗೆ. ಸಿಹಿ ನಿರೀಕ್ಷೆ ಮಾಡಿದವರಿಗೆ ಬೇಸರ ಆಗಬಹುದು. ಸಕ್ಕರೆ ಇಲ್ಲದ ಚಾಕೊಲೇಟ್ ಕಹಿಯೇ. ಅದು ಹೋಗುತ್ತಿದ್ದಂತೆ ದವಡೆಯ ಒಳಗೆ ಬಿಗಿದ ಹಾಗೆ ಆಗುತ್ತದಲ್ಲ, ಅದೇ ಒಗರು. ಚಾದ ಟ್ಯಾನಿನ್ ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡಾಗ ಬಾಯಿ ಒಣಗಿದ ಹಾಗೆ ಆಗುತ್ತದೆ. ಎಳೆ ಅಡಿಕೆ ಜಗಿದ ಈ ಊರಿನ ಬಾಯಿಗೆ ಒಗರನ್ನು ವಿವರಿಸುವುದು ಬೇಕಿಲ್ಲ.

ಖಾರ ಎಲ್ಲಕ್ಕಿಂತ ಕೊನೆಗೆ ಬಂತು, ಸರಿಯಾ? ಒಳ್ಳೆಮೆಣಸು ಮೊದಲು ನಾಲಿಗೆಯ ತುದಿಗೆ ಚುಚ್ಚುತ್ತದೆ, ಬ್ಯಾಡಗಿ ನಿಧಾನವಾಗಿ ಗಂಟಲಲ್ಲಿ ಕೂರುತ್ತದೆ. ನಿಜ ಹೇಳಬೇಕೆಂದರೆ ಖಾರ ರುಚಿಯಲ್ಲ, ಬಿಸಿಯ ಅನುಭವ. ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಬಾಗಿಲಿದೆ. ಅದು ಸುಮಾರು 43 ಡಿಗ್ರಿಗೆ ತೆರೆಯುತ್ತದೆ, ಮೆಣಸಿನ ಕ್ಯಾಪ್ಸೈಸಿನ್ ಮುಟ್ಟಿದರೂ ತೆರೆಯುತ್ತದೆ. ಇದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬಿಸಿ ಚಾ ಮತ್ತು ಮೆಣಸು ಒಂದೇ ಬಾಗಿಲು ತಟ್ಟುತ್ತವೆ. ಅದಕ್ಕೇ ಬಿಸಿಯಿರುವಾಗ ಖಾರ ಜಾಸ್ತಿ ಅನಿಸುತ್ತದೆ. ಈ ಕಾರಣಕ್ಕೆ ನಾನು ಗುಂಟೂರು ಮೆಣಸು ಬಿಟ್ಟು ಬ್ಯಾಡಗಿ ಆರಿಸಿದೆ. ಬಣ್ಣ ಮತ್ತು ಕಂಪು ತುಂಬ, ಖಾರ ಕಡಿಮೆ.

ಹಾಲು ಹಾಕಬಹುದಾ ಅಂತ ಎಲ್ಲ ಕಡೆ ಕೇಳುತ್ತಾರೆ. ಹಾಕಿದರೆ ಹಾಲಿನ ಕೇಸಿನ್ ಅನ್ನುವ ಪ್ರೋಟೀನ್ ಒಗರನ್ನೂ ಖಾರವನ್ನೂ ತಗ್ಗಿಸುತ್ತದೆ. ಚಾಕೊಲೇಟ್ ಎದ್ದು ಬರುತ್ತದೆ. ಆದರೆ ಹೊಗೆ ಸೇರಿದ ಹಾಲು ನನ್ನ ಬಾಯಿಗೆ ಮತ್ತೆ ಅದೇ ಹೊಗೆ ಹತ್ತಿದ ಹಾಲಿನ ಹಾಗೆ ಅನಿಸುತ್ತದೆ, ಅದಕ್ಕೆ ನಾನು ಹಾಕುವುದಿಲ್ಲ. ಅದರ ಬದಲು ನಿಮ್ಮ ಮುಂದಿರುವ ಉಪ್ಪಿನ ಎರಡು ಹರಳು ಹಾಕಿ ನೋಡಿ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಸಿಹಿ ಬೇಕೇಬೇಕು ಅನ್ನುವವರಿಗೆ ತಾಳೆಬೆಲ್ಲದ ಚೂರು ಇದೆ, ಬೆಲ್ಲದಲ್ಲೂ ಒಂದು ಹೊಗೆಯ ಎಳೆ ಇದೆ, ಚೆನ್ನಾಗಿ ಕೂಡುತ್ತದೆ.

ಇದನ್ನು ಮನೆಗೆ ಒಯ್ಯುವವರು ಬೇರೆ ಚಾದ ಜೊತೆ ಇಡಬೇಡಿ. ಒಮ್ಮೆ ನಾನು ಒಂದೇ ಕಪಾಟಿನಲ್ಲಿ ಇಟ್ಟು, ಎರಡು ಕಿಲೋ ಒಳ್ಳೆಯ ಚಾ ಹೊಗೆ ವಾಸನೆ ಹಿಡಿದು ಹೋಯಿತು. ಬಿಗಿ ಮುಚ್ಚಳದ ಗಾಜಿನ ಬಾಟಲಿ ಬೇಕು.

ಲೋಟದ ತಳದಲ್ಲಿ ಸ್ವಲ್ಪ ಉಳಿಸಿದ್ದೀರಾ? ಈಗ ಅದು ಆರಿದೆ. ಕುಡಿಯಿರಿ. ಖಾರ ಹಿಂದೆ ಸರಿದಿದೆ, ಹೊಗೆ ಮೆತ್ತಗಾಗಿದೆ, ನನ್ನ ನಾಲಿಗೆಗೆ ಒಣ ಹಣ್ಣಿನ ಒಂದು ಸಿಹಿ ಈಗಷ್ಟೇ ಸಿಗುತ್ತಿದೆ. ಮುಂದಿನ ಸಾಲಿನ ಅಮ್ಮ ತಲೆ ಆಡಿಸುತ್ತಿದ್ದಾರೆ. ಅದೇ ಎಲೆಗೆ ಎರಡನೇ ನೀರು ಹಾಕಿ ಇಟ್ಟಿದ್ದೇವೆ, ಫ್ಲಾಸ್ಕ್ ಬರುತ್ತಿದೆ. ಹೊಗೆ, ಕೊಕ್ಕೊ, ಖಾರ, ಈ ಮೂರರಲ್ಲಿ ಯಾವುದು ಮೊದಲು ಕಡಿಮೆಯಾಯಿತು ಅಂತ ಕುಡಿದು ನೀವೇ ಹೇಳಿ. ಆಮೇಲೆ ಪ್ರಶ್ನೆಗಳು.