ಹಿತ್ತಲ ಕಳೆಗೆ ವಿಷ ಯಾಕೆ?

ಕೇಳುಗರಿಗೆ ನಮಸ್ಕಾರ.

ಮಳೆ ಬಿದ್ದು ಎಂಟು ದಿನ ಆಗಿರುವುದಿಲ್ಲ. ನಾವು ಹಾಕಿದ ಬೆಂಡೆ ಆಗಷ್ಟೇ ತಲೆ ಎತ್ತುತ್ತಿರುತ್ತದೆ, ಅಷ್ಟರಲ್ಲಿ ಸುತ್ತ ಕಳೆ ಎದ್ದಿರುತ್ತದೆ. ಅದನ್ನು ನೋಡಿ ಬೇಜಾರಾಗಿ ಅನೇಕರು ಕಳೆನಾಶಕ ತಂದು ಹೊಡೆದುಬಿಡುತ್ತಾರೆ. ಆದರೆ ಅದು ಬೀಳುವುದು ನಾವು ತಿನ್ನುವ ತರಕಾರಿಯ ಬುಡದಲ್ಲೇ, ಅಲ್ವಾ? ಕೈತೋಟಕ್ಕೆ ಖಂಡಿತ ಅದು ಬೇಡ.

ಎಲ್ಲಕ್ಕಿಂತ ಹಟಮಾರಿ ಅಂದರೆ ಜೇಕು. ಕೆಲವರು ಕೊನ್ನಾರಿ ಅನ್ನುತ್ತಾರೆ. ಸುಮ್ನೆ ಎಳೆದರೆ ಹುಲ್ಲು ಕಿತ್ತು ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ನಾಲ್ಕೇ ದಿನಕ್ಕೆ ಮತ್ತೆ ಚಿಗುರು. ಮಣ್ಣು ಮೆತ್ತಗಿರುವಾಗ ಸಣ್ಣ ಗುದ್ದಲಿ ಹಿಡಿದು ಕೂತುಬಿಡಿ. ಬುಡ ಸಡಿಲಿಸಿ ಮೆಲ್ಲಗೆ ಎತ್ತಿದರೆ ಕಡಲೆಕಾಳಿನಷ್ಟು ಕಪ್ಪು ಗಡ್ಡೆ ಸಿಗುತ್ತದೆ. ಜಜ್ಜಿ ಮೂಸಿದರೆ ಘಮ್ಮೆನ್ನುತ್ತದೆ. ಅದರಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆಗೆ ಹೋಗಿರುತ್ತದೆ. ಆ ದಾರವನ್ನೇ ಹಿಡಿದು ಮುಂದೆ ಹೋಗಬೇಕು. ಕಿತ್ತ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೂ ಚಿಗುರುತ್ತದೆ. ಚಪ್ಪಡಿ ಮೇಲೆ ಹರಡಿ ಬಿಸಿಲಿಗೆ ಒಣಗಿಸಿ.

ಉಳಿದ ಕಳೆಗೆ ಇಷ್ಟು ಕಷ್ಟ ಇಲ್ಲ. ಸಣ್ಣ ಬೀಜದ ಕಳೆ ಮೊಳೆಯಬೇಕಾದರೆ ಸಾಮಾನ್ಯವಾಗಿ ಬೆಳಕು ಬೇಕು. ಹಾಗಾಗಿ ಮಣ್ಣು ಬರಿದಾಗಿ ಕಾಣಬಾರದು. ತರಗೆಲೆಯೋ ಭತ್ತದ ಹುಲ್ಲೋ ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಖಾಲಿ ಮಡಿಯಿದ್ದರೆ ಏಪ್ರಿಲ್, ಮೇ ಬಿಸಿಲಲ್ಲಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ. 4ರಿಂದ 6 ವಾರದಲ್ಲಿ ಮೇಲ್ಮಣ್ಣಿನ ಬೀಜ ಬಹುಪಾಲು ಬೆಂದುಹೋಗುತ್ತದೆ. ಜೇಕಿಗೆ ಮಾತ್ರ ಇದು ಸಾಲದು.

ಪಾರ್ಥೇನಿಯಂ ಇದ್ದರೆ ಬಿಳಿ ಹೂ ಕಾಣುವ ಮುಂಚೆಯೇ ಕೀಳಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಕೈಗೆ ಚೀಲ ಕಟ್ಟಿಕೊಳ್ಳಿ, ಇಲ್ಲದಿದ್ದರೆ ತುರಿಕೆ ಗ್ಯಾರಂಟಿ ಅನ್ನುವವರು ಬಹಳ ಜನ. ಎಲೆಯ ಮೇಲೆ ಬಿಳಿಚು ಬೆನ್ನು, ಕಂದು ಗೆರೆಯ ಪುಟ್ಟ ದುಂಬಿ ಕಂಡರೆ ದಯವಿಟ್ಟು ಕೊಲ್ಲಬೇಡಿ. ಮೆಕ್ಸಿಕೋದ ಈ ದುಂಬಿಯನ್ನು ಪಾರ್ಥೇನಿಯಂ ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ಬೋಳಿಸುವುದನ್ನು ನೋಡಿದರೆ ನನಗೆ ಎಷ್ಟೋ ನೆಮ್ಮದಿ.

ಇನ್ನೊಂದು ಮಾತು. ಎಲ್ಲವನ್ನೂ ಕಿತ್ತು ಎಸೆಯಬೇಡಿ. ಅಣ್ಣೆ, ಗೋಣಿ, ಗಣಿಕೆ ಸೊಪ್ಪುಗಳೂ ಕಳೆಯ ಜೊತೆಗೇ ಹುಟ್ಟುತ್ತವೆ. ಹಳೆ ಮೈಸೂರಿನ ಕಡೆ ಹೆಂಗಸರು ಕಳೆ ಕೀಳುತ್ತಲೇ ಇವನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ, ರಾತ್ರಿಗೆ ಬೆರಕೆ ಸೊಪ್ಪಿನ ಸಾರು, ಮುದ್ದೆ. ಗುರುತು ಸಿಗದಿದ್ದರೆ ಊರಿನ ಅಜ್ಜಿಯರನ್ನು ಕರೆದು ಕೇಳಿ, ಒಂದೊಂದೇ ಎಲೆ ಹಿಡಿದು ತೋರಿಸುತ್ತಾರೆ. ನಮಸ್ಕಾರ.