ನೀರಿನಲ್ಲಿ ಬಿಟ್ಟು ಬಂದವರು: ಆರ್ಗಿನೂಸೆ ಯುದ್ಧ ಮತ್ತು ಅಥೆನ್ಸಿನ ತೀರ್ಪು

ಎಲ್ಲರಿಗೂ ನಮಸ್ಕಾರ.

ಪ್ರಾಚೀನ ಗ್ರೀಕರ ರಾಜಕೀಯ, ಯುದ್ಧ, ಸಂಸ್ಕೃತಿ ಈ ಮೂರರ ಬಗ್ಗೆಯೂ ಮಾತಾಡಬೇಕೆಂದು ಹೇಳಿದ್ದೀರಿ. ಮೂರನ್ನೂ ಬೇರೆ ಬೇರೆಯಾಗಿ ಹೇಳಹೊರಟರೆ ಹೆಸರು, ಇಸವಿಗಳ ಪಟ್ಟಿ ಓದಿ ಮುಗಿಸಬೇಕಾಗುತ್ತದೆ. ಹಾಗಾಗಿ ಒಂದೇ ಒಂದು ಪ್ರಸಂಗ ಹಿಡಿದು ಬಂದಿದ್ದೇನೆ. ಕ್ರಿ.ಪೂ. 406ರಲ್ಲಿ ಅಥೆನ್ಸ್ ಒಂದು ದೊಡ್ಡ ಸಮುದ್ರಯುದ್ಧ ಗೆದ್ದಿತು. ಅದೇ ವರ್ಷ, ಗೆದ್ದುಕೊಟ್ಟ ದಂಡನಾಯಕರಲ್ಲಿ ಆರು ಮಂದಿಗೆ ಮರಣದಂಡನೆ ಕೊಟ್ಟಿತು. ಏಕೆ ಹಾಗಾಯಿತು ಎಂದು ಕೇಳುತ್ತ ಹೋದರೆ ಹಡಗು, ಸಭೆ, ಶ್ರಾದ್ಧ ಮೂರೂ ಒಂದೇ ಎಳೆಯಲ್ಲಿ ಸಿಕ್ಕುತ್ತವೆ.

ಆ ಹೊತ್ತಿಗೆ ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ಯುದ್ಧ ಶುರುವಾಗಿ 25 ವರ್ಷ. ಕ್ರಿ.ಪೂ. 413ರಲ್ಲಿ ಸಿಸಿಲಿಗೆ ಕಳಿಸಿದ ದೊಡ್ಡ ಪಡೆ ಪೂರ್ತಿ ನಾಶವಾಗಿತ್ತು. ಸ್ಪಾರ್ಟಾಕ್ಕೆ ಈಗ ಪರ್ಷಿಯಾದ ಹಣ ಬರುತ್ತಿತ್ತು, ಅಥೆನ್ಸಿನ ಬೊಕ್ಕಸ ಬರಿದಾಗಿತ್ತು. ಇಂಥ ಸಮಯದಲ್ಲಿ ಸ್ಪಾರ್ಟಾದ ನೌಕಾಪತಿ ಕಾಲಿಕ್ರಾಟಿಡಾಸ್ ಅಥೆನ್ಸಿನ ದಂಡನಾಯಕ ಕೊನೊನ್‌ನನ್ನು ಲೆಸ್ಬೊಸ್ ದ್ವೀಪದ ಮಿಟಿಲೀನಿ ಬಂದರಿನೊಳಗೆ ಕೂಡಿಹಾಕಿದ. ಸುದ್ದಿ ಮುಟ್ಟಿದ ಮೇಲೆ ಅಥೆನ್ಸ್ 30 ದಿನದಲ್ಲಿ 110 ಹಡಗು ಸಜ್ಜು ಮಾಡಿತು. ಆಕ್ರೊಪೊಲಿಸ್ ಗುಡ್ಡದ ಮೇಲಿದ್ದ ವಿಜಯದೇವತೆಯ ಚಿನ್ನದ ಮೂರ್ತಿಗಳನ್ನು ಕರಗಿಸಿ ನಾಣ್ಯ ಹೊಯ್ದಿತು. ದೇವರ ಮೈಮೇಲಿನ ಬಂಗಾರಕ್ಕೆ ಕೈಹಾಕಿತೆಂದರೆ ಊರು ಯಾವ ಸ್ಥಿತಿಗೆ ಬಂದಿತ್ತೆಂದು ನೀವೇ ಊಹಿಸಿಕೊಳ್ಳಿ.

ಹಡಗು ಕಟ್ಟಿಬಿಡಬಹುದು, ಹುಟ್ಟು ಹಾಕುವವರು ಯಾರು? ಟ್ರೈರೀಮ್ ಎಂಬ ಆ ಯುದ್ಧದ ಹಡಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದ ಸುಮಾರು 37 ಮೀಟರು. ಒಳಗೆ ಒಟ್ಟು 200 ಜನ, ಅವರಲ್ಲಿ 170 ಮಂದಿ ಹುಟ್ಟಿನವರು. ಅವರು ಮೂರು ಅಂತಸ್ತಿನಲ್ಲಿ ಕೂರುತ್ತಾರೆ: ಮೇಲೆ 62, ನಡುವೆ 54, ಕೆಳಗೆ 54. ಕೆಳಗಿನ ಸಾಲಿನವನಿಗೆ ಸಮುದ್ರ ಕಾಣುವುದಿಲ್ಲ. ಅವನ ತಲೆಯ ಹತ್ತಿರವೇ ಮೇಲಿನವನ ಕಾಲು. ಹುಟ್ಟು ಹೊರಗೆ ಹೋಗುವ ಕಿಂಡಿಯಿಂದ ನೀರು ನುಗ್ಗದಂತೆ ತೊಗಲಿನ ಚೀಲ ಕಟ್ಟಿರುತ್ತದೆ. ಅವನ ಆಸ್ತಿಯೆಂದರೆ ಒಂದು ಹುಟ್ಟು, ಹುಟ್ಟು ಕಟ್ಟುವ ತೊಗಲಿನ ಪಟ್ಟಿ, ಕೂರಲು ಒಂದು ಮೆತ್ತೆ. ಇವಿಷ್ಟನ್ನು ಹೆಗಲಿಗೇರಿಸಿ ಹುಟ್ಟಿನವರು ಒಂದು ಸಮುದ್ರತೀರದಿಂದ ಇನ್ನೊಂದಕ್ಕೆ ನೆಲದ ಮೇಲೆ ನಡೆದು ಹೋದದ್ದನ್ನು ಆ ಕಾಲದ ಇತಿಹಾಸಕಾರ ಥುಸಿಡೈಡ್ಸ್ ಬರೆದಿದ್ದಾನೆ.

ಈ ಮೆತ್ತೆಯಿಂದಲೇ ಅಥೆನ್ಸಿನ ಪ್ರಜಾಪ್ರಭುತ್ವವನ್ನು ಅರ್ಥಮಾಡಿಕೊಳ್ಳಬೇಕು ಎನ್ನುವುದು ನನ್ನ ನಂಬಿಕೆ. ನೆಲದ ಯುದ್ಧಕ್ಕೆ ಕಂಚಿನ ಕವಚ, ಗುರಾಣಿ, ಈಟಿ ಬೇಕು. ಅವನ್ನು ಕೊಳ್ಳಲು ಜಮೀನು ಬೇಕು. ಹಡಗಿನ ಯುದ್ಧಕ್ಕೆ ಬೇಕಾದದ್ದು ಬೆನ್ನು, ತೋಳು. ಕ್ರಿ.ಪೂ. 483ರಲ್ಲಿ ಲೌರಿಯನ್ ಗಣಿಯಲ್ಲಿ ಬೆಳ್ಳಿಯ ಹೊಸ ನಿಕ್ಷೇಪದಿಂದ ಬಂದ ಹಣವನ್ನು ಜನರಿಗೆ ಹಂಚುವ ಬದಲು ಹಡಗಿಗೆ ಹಾಕಿ ಎಂದು ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸ್ ಜನರನ್ನು ಒಪ್ಪಿಸಿದ. ಮೂರು ವರ್ಷದ ಮೇಲೆ ಸಲಾಮಿಸ್‌ನಲ್ಲಿ ಆ ಹಡಗುಗಳೇ ಪರ್ಷಿಯಾದ ನೌಕಾಪಡೆಯನ್ನು ಮುರಿದವು. ಅಲ್ಲಿಂದಾಚೆ, ತುಂಡು ನೆಲವೂ ಇಲ್ಲದ ಬಡವನಿಗೆ ಪೌರರ ಸಭೆಯಲ್ಲಿ ಕೈ ಎತ್ತುವ ಹಕ್ಕು ಯಾಕೆ ಎಂದು ಕೇಳುವುದು ಕಷ್ಟವಾಯಿತು. ಪ್ರಜಾಪ್ರಭುತ್ವವನ್ನು ಕಂಡರಾಗದ ಆ ಕಾಲದ ಒಬ್ಬ ಅನಾಮಿಕ ಲೇಖಕನೂ ಇಷ್ಟನ್ನು ಒಪ್ಪಿಕೊಂಡಿದ್ದಾನೆ: ಹಡಗು ನಡೆಸುವವರು ಬಡಜನ, ಆದ್ದರಿಂದ ಅವರಿಗೆ ಹೆಚ್ಚಿನ ಪಾಲು ಸಲ್ಲುವುದು ನ್ಯಾಯವೇ.

ಹೀಗಿದ್ದೂ 406ರಲ್ಲಿ ಆ ಬಡವರೂ ಸಾಲಲಿಲ್ಲ. ಗುಲಾಮರನ್ನು ಹತ್ತಿಸಿದರು, ಬಿಡುಗಡೆಯ ಮಾತು ಕೊಟ್ಟರು. ಕುದುರೆ ಕಟ್ಟಿದ ಸಿರಿವಂತರೂ ಹಡಗು ಹತ್ತಿದರು. ಮೆತ್ತೆಯ ಮೇಲೆ ಒಡೆಯ, ಪಕ್ಕದಲ್ಲೇ ಆಳು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಆ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ. ಮುಂದಿನ ವರ್ಷದ ಆರಂಭದಲ್ಲಿ ಆಡಿದ ಅರಿಸ್ಟೋಫೇನ್ಸ್‌ನ 'ಕಪ್ಪೆಗಳು' ನಾಟಕದಲ್ಲಿ ಸತ್ತವರ ಲೋಕದ ಅಂಬಿಗ ಕೇರನ್, ಸಮುದ್ರಯುದ್ಧದಲ್ಲಿ ಕಾದಾಡದ ಗುಲಾಮನನ್ನು ದೋಣಿಗೆ ಹತ್ತಿಸಲು ಒಪ್ಪುವುದಿಲ್ಲ. ಕಣ್ಣುಬೇನೆಯಿಂದ ಹೋಗಲಾಗಲಿಲ್ಲ ಎಂದ ಆಳು ಕೆರೆ ಸುತ್ತಿಕೊಂಡು ನಡೆದೇ ಹೋಗಬೇಕಾಗುತ್ತದೆ. ಪ್ರೇಕ್ಷಕರಿಗೆ ಅದು ಯಾವ ಯುದ್ಧ ಎಂದು ಹೇಳಬೇಕಾಗಿಯೇ ಇರಲಿಲ್ಲ.

ಯುದ್ಧ ನಡೆದದ್ದು ಲೆಸ್ಬೊಸ್‌ಗೂ ಏಷ್ಯಾ ಮೈನರ್ ಕರಾವಳಿಗೂ ನಡುವಿನ ಆರ್ಗಿನೂಸೆ ಎಂಬ ಪುಟ್ಟ ದ್ವೀಪಗಳ ಬಳಿ. ಮಿತ್ರರ ಹಡಗುಗಳೂ ಸೇರಿ ಅಥೆನ್ಸಿನ ಕಡೆ 150ಕ್ಕೂ ಹೆಚ್ಚು, ಎದುರಿಗೆ 120. ಅಥೆನ್ಸ್ ಗೆದ್ದಿತು. ಕಾಲಿಕ್ರಾಟಿಡಾಸ್ ತನ್ನ ಹಡಗು ಡಿಕ್ಕಿ ಹೊಡೆದಾಗ ಸಮುದ್ರಕ್ಕೆ ಬಿದ್ದು ಮತ್ತೆ ಕಾಣಲಿಲ್ಲ. ಸ್ಪಾರ್ಟಾದ ಕಡೆ 70ರಷ್ಟು ಹಡಗು ಹೋದವು. ಅಥೆನ್ಸಿನ ನಷ್ಟ 25.

ಈ 25ರ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ಟ್ರೈರೀಮ್ ಹಗುರ ಮರದ ಹಡಗು, ಒಳಗೆ ಭಾರದ ಕಲ್ಲು ಇರುವುದಿಲ್ಲ. ಪಕ್ಕೆ ಒಡೆದು ನೀರು ನುಗ್ಗಿದರೂ ಅದು ತಳ ಸೇರುವುದಿಲ್ಲ, ನೀರು ತುಂಬಿ ಅರ್ಧ ಮುಳುಗಿ ತೇಲುತ್ತದೆ. ಅಂದರೆ ಯುದ್ಧ ಮುಗಿದಾಗ ಆ ಒಡಕು ಹಡಗುಗಳನ್ನು ತಬ್ಬಿಕೊಂಡು ಜೀವಂತ ಮನುಷ್ಯರು ಇದ್ದರು. 25 ಹಡಗಿಗೆ ಇನ್ನೂರರಂತೆ ಹಿಡಿದರೆ 5000 ಜನ ಹತ್ತಿದ್ದರು. ದಡ ಮುಟ್ಟಿದವರು ಕೆಲವೇ ಮಂದಿ.

ಸ್ಥಳದಲ್ಲಿದ್ದ ಎಂಟು ದಂಡನಾಯಕರು ಸಮಾಲೋಚಿಸಿದರು. ಎಲ್ಲ ಹಡಗುಗಳೂ ಹೋಗಿ ನೀರಿನಲ್ಲಿರುವವರನ್ನು ಎತ್ತಲಿ ಎಂದ ಡಯೊಮೆಡಾನ್. ಬೇಡ, ಎಲ್ಲರೂ ಮಿಟಿಲೀನಿಗೆ ಹೋಗಿ ಅಲ್ಲಿರುವ ಶತ್ರುವನ್ನು ಹೊಡೆಯೋಣ ಎಂದ ಎರಸಿನಿಡೀಸ್. ಕೊನೆಗೆ 47 ಹಡಗುಗಳನ್ನು ರಕ್ಷಣೆಗೆ ಬಿಟ್ಟು ಉಳಿದವು ಮಿಟಿಲೀನಿಗೆ ಹೋಗಬೇಕೆಂದಾಯಿತು. ರಕ್ಷಣೆಯ ಹೊಣೆ ಹಡಗಿನ ನಾಯಕರಾಗಿದ್ದ ಥೆರಾಮೆನೆಸ್, ಥ್ರಾಸಿಬುಲಸ್ ಮೊದಲಾದವರಿಗೆ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಯಾರೂ ಎಲ್ಲಿಗೂ ಹೋಗಲಿಲ್ಲ.

ಸತ್ತವನ ದೇಹ ಸಿಗದೆ ಹೋಗುವುದು ಗ್ರೀಕರಿಗೆ ಏನಾಗಿತ್ತು ಎನ್ನುವುದು ಗೊತ್ತಿಲ್ಲದೆ ಮುಂದಿನದು ಅರ್ಥವಾಗದು. ಯುದ್ಧದಲ್ಲಿ ಮಡಿದವರ ಮೂಳೆಗಳನ್ನು ಅಥೆನ್ಸ್ ಊರಿಗೆ ತಂದು ಪೌರರನ್ನು ವಿಂಗಡಿಸಿದ್ದ ಹತ್ತು ಕುಲಗಳಿಗೆ ಹತ್ತು ಸೈಪ್ರೆಸ್ ಮರದ ಪೆಟ್ಟಿಗೆಗಳಲ್ಲಿಟ್ಟು ಮೆರವಣಿಗೆ ಮಾಡುತ್ತಿತ್ತು. ಅವುಗಳ ಜೊತೆ ಹೊದಿಕೆ ಹಾಸಿದ ಒಂದು ಖಾಲಿ ಚಟ್ಟವನ್ನೂ ಹೊರುತ್ತಿದ್ದರು. ಅದು ದೇಹ ಸಿಗದವರಿಗೆ. ಕ್ರಿ.ಪೂ. 425ರಲ್ಲಿ ಕೊರಿಂಥ್ ಪ್ರದೇಶದಲ್ಲಿ ಗೆದ್ದು ಹಡಗು ಹತ್ತಿದ ಅಥೆನ್ಸಿನ ದಂಡನಾಯಕ ನಿಕಿಯಾಸ್, ಇಬ್ಬರ ಶವ ಹಿಂದೆ ಉಳಿದಿದೆ ಎಂದು ತಿಳಿದಾಗ ಶತ್ರುವಿನ ಬಳಿಗೆ ದೂತನನ್ನು ಕಳಿಸಿ ಬೇಡಿಕೊಂಡ. ಹಾಗೆ ಬೇಡಿದವನು ಗೆಲುವಿನ ಹಕ್ಕು ಬಿಟ್ಟುಕೊಟ್ಟಂತೆ ಎಂಬುದು ರೂಢಿ. ಎರಡು ಶವಕ್ಕಾಗಿ ಅವನು ಅದನ್ನೂ ಒಪ್ಪಿಕೊಂಡ. ಸೋಫೊಕ್ಲೀಸ್‌ನ ಅಂತಿಗೊನೆ ಅಣ್ಣನ ಶವದ ಮೇಲೆ ಹಿಡಿ ಮಣ್ಣು ಹಾಕಲು ಪ್ರಾಣ ಕೊಡುತ್ತಾಳೆ. ಅವನದೇ 'ಅಯಾಸ್' ನಾಟಕದ ಕೊನೆಯ ಭಾಗವೆಲ್ಲ ಶವಕ್ಕೆ ಸಂಸ್ಕಾರ ಸಲ್ಲಬೇಕೋ ಬೇಡವೋ ಎಂಬ ಜಗಳ, ಬಿ.ಎಂ.ಶ್ರೀ. ಅದನ್ನೇ 'ಅಶ್ವತ್ಥಾಮನ್' ಮಾಡಿ ಕನ್ನಡಕ್ಕೆ ತಂದರು. ಆ ನೋವು ನಮಗೆ ಪರಕೀಯವಲ್ಲ.

ಅಥೆನ್ಸಿನಲ್ಲಿ ಮೊದಲ ಸಭೆ ಸೇರಿತು. ಎಂಟರಲ್ಲಿ ಇಬ್ಬರು ಊರಿಗೆ ಮರಳುವ ಧೈರ್ಯ ಮಾಡಲಿಲ್ಲ, ಆರು ಮಂದಿ ಬಂದಿದ್ದರು. ಅವರಲ್ಲೊಬ್ಬ ಪೆರಿಕ್ಲೀಸ್, ಅಥೆನ್ಸಿನ ಪ್ರಸಿದ್ಧ ನಾಯಕ ಪೆರಿಕ್ಲೀಸ್‌ಗೆ ಅಸ್ಪಾಸಿಯಾಳಲ್ಲಿ ಹುಟ್ಟಿದ ಮಗ. ತಾಯಿ ಹೊರಗಿನವಳಾದ್ದರಿಂದ ತಂದೆಯೇ ಮಾಡಿಸಿದ ಕಾನೂನಿನ ಪ್ರಕಾರ ಅವನು ಪೌರನಲ್ಲ. ಪ್ಲೇಗಿನಲ್ಲಿ ಉಳಿದಿಬ್ಬರು ಮಕ್ಕಳನ್ನು ಕಳೆದುಕೊಂಡ ತಂದೆಯ ಮೊರೆ ಕೇಳಿ ಜನರೇ ಅವನಿಗೆ ಪೌರತ್ವ ಕೊಟ್ಟಿದ್ದರು. ಈಗ ಅದೇ ಜನರ ಎದುರು ನಿಂತಿದ್ದ. ದಂಡನಾಯಕರು ಬಿರುಗಾಳಿಯ ಬಗ್ಗೆ ಹೇಳಿದರು, ಚುಕ್ಕಾಣಿ ಹಿಡಿದವರನ್ನು ಸಾಕ್ಷಿಗೆ ಕರೆದರು. ಜನ ಒಪ್ಪುವಂತಿತ್ತು. ಆದರೆ ಕತ್ತಲಾಗಿತ್ತು. ಎತ್ತಿದ ಕೈ ಎಣಿಸಲು ಕಾಣುತ್ತಿರಲಿಲ್ಲ. ಸಭೆಯನ್ನು ಮುಂದಕ್ಕೆ ಹಾಕಿದರು.

ನಡುವೆ ಅಪಟೂರಿಯಾ ಹಬ್ಬ ಬಂತು. ಬಂಧುಬಳಗ ಒಟ್ಟಿಗೆ ಕೂತು ಊಟ ಮಾಡುವ, ಮಕ್ಕಳ ಹೆಸರನ್ನು ಬಳಗಕ್ಕೆ ಸೇರಿಸುವ ಹಬ್ಬ. ಪಂಕ್ತಿಯಲ್ಲಿ ಯಾರ ಜಾಗ ಖಾಲಿ ಎಂದು ಎದ್ದುಕಾಣುವ ದಿನ. ಮುಂದಿನ ಸಭೆಗೆ ತಲೆ ಬೋಳಿಸಿ, ಕಪ್ಪು ಉಟ್ಟವರು ಗುಂಪಾಗಿ ಬಂದರು. ಅವರನ್ನು ಥೆರಾಮೆನೆಸ್‌ನ ಕಡೆಯವರು ಏರ್ಪಾಡು ಮಾಡಿ ಕರೆತಂದರು ಎನ್ನುತ್ತಾನೆ ಆ ಕಾಲದ ಇತಿಹಾಸಕಾರ ಕ್ಸೆನೊಫನ್. ಇನ್ನೊಬ್ಬ ಇತಿಹಾಸಕಾರ ಡಿಯೊಡೋರಸ್‌ನ ಪ್ರಕಾರ ಅವರು ಸತ್ತವರ ನಿಜವಾದ ಬಂಧುಗಳು. ನನಗೆ ಡಿಯೊಡೋರಸ್‌ನ ಮಾತು ಹೆಚ್ಚು ಸಹಜವೆನಿಸುತ್ತದೆ. ಸಾವಿರಾರು ಮನೆಯಲ್ಲಿ ಸೂತಕವಿದ್ದ ಊರಿನಲ್ಲಿ ಕಪ್ಪು ಉಡಿಸಲು ಯಾರ ಪಿತೂರಿಯೂ ಬೇಕಿರಲಿಲ್ಲ.

ಕಾಲಿಕ್ಸೆನಸ್ ಎಂಬುವನು ಠರಾವು ತಂದ: ಎರಡೂ ಕಡೆಯ ಮಾತು ಹಿಂದಿನ ಸಭೆಯಲ್ಲೇ ಕೇಳಿ ಆಗಿದೆ, ಈಗ ಎಲ್ಲರಿಗೂ ಸೇರಿಸಿ ಒಂದೇ ಮತ. ಒಂದೊಂದು ಕುಲಕ್ಕೂ ಎರಡೆರಡು ಹರಿವಿ, ತಪ್ಪಿತಸ್ಥರು ಎನ್ನುವವರು ಒಂದರಲ್ಲಿ, ಅಲ್ಲ ಎನ್ನುವವರು ಇನ್ನೊಂದರಲ್ಲಿ ಹಾಕಲಿ. ಆಗ ಒಬ್ಬ ಮುಂದೆ ಬಂದ. ತಾನು ಹಿಟ್ಟಿನ ಪೀಪಾಯಿ ಹಿಡಿದು ತೇಲಿ ಬದುಕಿದೆ ಎಂದ. ಸುತ್ತ ಸಾಯುತ್ತಿದ್ದವರು, ನೀನು ಉಳಿದರೆ ಹೋಗಿ ಹೇಳು, ದೇಶಕ್ಕಾಗಿ ಕಾದಾಡಿದ ನಮ್ಮನ್ನು ದಂಡನಾಯಕರು ಎತ್ತಿಕೊಳ್ಳಲಿಲ್ಲ ಎಂದು ಹೇಳು ಎಂದರಂತೆ. ಅವನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಇಡೀ ಪ್ರಸಂಗದಲ್ಲಿ ನನ್ನನ್ನು ಬಿಡದೆ ಕಾಡುವವನು ಅವನೇ.

ಯೂರಿಪ್ಟೊಲೆಮಸ್ ಎಂಬುವನು ಮತ್ತು ಇನ್ನು ಕೆಲವರು ಈ ಠರಾವೇ ಕಾನೂನುಬಾಹಿರ ಎಂದು ತಡೆದರು. ಜನರಿಗೆ ಇಷ್ಟಬಂದದ್ದನ್ನು ಮಾಡಲು ಬಿಡದಿರುವುದು ಎಂಥ ಘೋರ ಎಂದು ಗುಂಪು ಕೂಗಿತು. ತಡೆದವರನ್ನೂ ಅದೇ ಮತಕ್ಕೆ ಸೇರಿಸಿ ಎಂದ ಇನ್ನೊಬ್ಬ. ಅವರು ಹಿಂದೆಗೆದರು. ಸಭೆ ನಡೆಸುತ್ತಿದ್ದ, ಚೀಟಿ ಎತ್ತಿ ಆರಿಸಿದ ಅಧ್ಯಕ್ಷಮಂಡಳಿಯವರಲ್ಲಿ ಕೆಲವರು ಮತಕ್ಕೆ ಹಾಕುವುದಿಲ್ಲ ಎಂದರು. ಬೆದರಿಕೆ ಬಂದಾಗ ಅವರೂ ಒಪ್ಪಿದರು. ಒಬ್ಬನನ್ನು ಬಿಟ್ಟು. ಅವನು ಸೊಫ್ರೋನಿಸ್ಕಸ್‌ನ ಮಗ ಸಾಕ್ರೆಟಿಸ್. ಕಾನೂನಿಗೆ ವಿರುದ್ಧವಾಗಿ ಏನನ್ನೂ ಮಾಡಲಾರೆ ಎಂದ.

ಯೂರಿಪ್ಟೊಲೆಮಸ್ ಮತ್ತೆ ಎದ್ದು ದೀರ್ಘವಾಗಿ ಮಾತಾಡಿದ. ದಂಡನಾಯಕರನ್ನು ಬಿಟ್ಟುಬಿಡಿ ಎಂದು ಅವನು ಕೇಳಲಿಲ್ಲ. ಒಬ್ಬೊಬ್ಬನನ್ನೂ ಬೇರೆಯಾಗಿ ವಿಚಾರಿಸಿ. ಹಗಲನ್ನು ಮೂರು ಪಾಲು ಮಾಡಿ, ಆರೋಪಕ್ಕೆ ಒಂದು ಪಾಲು, ಉತ್ತರಕ್ಕೆ ಒಂದು ಪಾಲು ಕೊಡಿ ಎಂದ. ಕೈ ಎತ್ತಿದಾಗ ಮೊದಲು ಅವನ ಸೂಚನೆಯೇ ಗೆದ್ದಿತು. ಒಬ್ಬ ಆಕ್ಷೇಪ ಎತ್ತಿದ, ಮತ್ತೆ ಕೈ ಎಣಿಸಿದರು, ಈ ಸಲ ಸೋತಿತು. ಆರು ಜನಕ್ಕೂ ಸಾವು. ಡಯೊಮೆಡಾನ್, ನೀರಿನಲ್ಲಿರುವವರನ್ನು ಎತ್ತೋಣ ಎಂದಿದ್ದವನೇ, ಸಾಯುವ ಮುಂಚೆ ಸಭೆಗೆ ಒಂದು ಮಾತು ಹೇಳಿದನೆಂದು ಡಿಯೊಡೋರಸ್ ಬರೆಯುತ್ತಾನೆ: ಗೆಲುವಿಗಾಗಿ ನಾವು ದೇವರಿಗೆ ಹೊತ್ತ ಹರಕೆಗಳಿವೆ, ನಮಗೆ ಇನ್ನು ತೀರಿಸಲಾಗದು, ನೀವು ತೀರಿಸಿ.

ಗುಂಪಿನ ಕೈಗೆ ಅಧಿಕಾರ ಕೊಟ್ಟರೆ ಹೀಗೇ ಎನ್ನಲು ಈ ಪ್ರಸಂಗವನ್ನು ಎರಡು ಸಾವಿರ ವರ್ಷಗಳಿಂದ ಬಳಸುತ್ತ ಬಂದಿದ್ದಾರೆ. ನಾನು ಒಪ್ಪುವುದಿಲ್ಲ. ಆ ಜನರ ಸಿಟ್ಟಿಗೆ ಕಾರಣವಿತ್ತು. ಬಡವನ ತೋಳಿನಿಂದ ಗೆದ್ದು, ಅವನನ್ನೇ ನೀರಿನಲ್ಲಿ ಬಿಟ್ಟು ಬಂದವರನ್ನು ಪ್ರಶ್ನೆ ಕೇಳುವ ಹಕ್ಕು ಅವನ ಮನೆಯವರಿಗೆ ಇತ್ತು. ರಾಜನ ಆಳ್ವಿಕೆಯಲ್ಲಿ ಹುಟ್ಟಿನವನ ಹೆಂಡತಿ ಮಕ್ಕಳ ದುಃಖ ಯಾರ ನಿದ್ದೆಯನ್ನೂ ಕೆಡಿಸುತ್ತಿರಲಿಲ್ಲ. ತಪ್ಪಾದದ್ದು, ಆರು ಮನುಷ್ಯರ ಆರು ಬೇರೆ ಬೇರೆ ನಡವಳಿಕೆಯನ್ನು ಒಂದೇ ಹರಿವಿಗೆ ಸುರಿದದ್ದು. ಎತ್ತೋಣ ಎಂದವನೂ ಬೇಡ ಎಂದವನೂ ಒಟ್ಟಿಗೆ ಸತ್ತರು. ಅದನ್ನು ತಡೆಯುವ ಕಾನೂನು ಅಥೆನ್ಸಿನಲ್ಲಿ ಆಗಲೇ ಇತ್ತು, ಅದನ್ನು ಓದಿ ಹೇಳಿದವನೂ ಸಭೆಯಲ್ಲೇ ಇದ್ದ.

ಮುಂದಿನ ವರ್ಷ ಈಗಸ್‌ಪೊಟಮಿಯಲ್ಲಿ ಅಥೆನ್ಸಿನ ಸುಮಾರು 180 ಹಡಗುಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ದಡದಲ್ಲೇ ಸ್ಪಾರ್ಟಾದ ದಂಡನಾಯಕ ಲೈಸಾಂಡರ್‌ನ ಕೈಗೆ ಸಿಕ್ಕವು. ಕ್ರಿ.ಪೂ. 404ರಲ್ಲಿ ಊರು ಹಸಿದು ಶರಣಾಯಿತು, ಗೋಡೆಗಳನ್ನು ಕೊಳಲಿನ ನಾದಕ್ಕೆ ಕೆಡವಿದರು, ಜನರ ಆಡಳಿತವೂ ಬಿತ್ತು. ಅಷ್ಟರೊಳಗೇ ಜನ ದಂಡನಾಯಕರ ವಿಷಯದಲ್ಲಿ ಪಶ್ಚಾತ್ತಾಪಪಟ್ಟು, ತಮ್ಮನ್ನು ದಾರಿ ತಪ್ಪಿಸಿದವರ ಮೇಲೆ ಆರೋಪ ಹೊರಿಸಿದ್ದರು. ಕಾಲಿಕ್ಸೆನಸ್ ತಪ್ಪಿಸಿಕೊಂಡು ಓಡಿದ. ಪ್ರಜಾಪ್ರಭುತ್ವ ಮರಳಿದಾಗ ಅವನೂ ಮರಳಿ ಬಂದ. ಎಲ್ಲರ ದ್ವೇಷಕ್ಕೆ ಗುರಿಯಾಗಿ ಹಸಿವಿನಿಂದ ಸತ್ತ. ಸಾಕ್ರೆಟಿಸ್ ಕ್ರಿ.ಪೂ. 399ರಲ್ಲಿ ತನ್ನದೇ ವಿಚಾರಣೆಯ ದಿನ ನ್ಯಾಯಾಧೀಶರಿಗೆ ಆ ಸಭೆಯನ್ನು ನೆನಪಿಸಿದ.

ಕ್ರಿ.ಪೂ. 403ರಲ್ಲಿ ಜನರ ಆಡಳಿತ ಮರಳಿ ಬಂದ ಮೇಲೆ ಅವರು ತಮ್ಮ ಕಾನೂನುಗಳನ್ನು ಹೊಸದಾಗಿ ಜೋಡಿಸಿದರು. ಯಾವ ಠರಾವೂ, ಐನೂರರ ಮಂಡಳಿಯದಾಗಲಿ ಪ್ರಜಾಸಭೆಯದಾಗಲಿ, ಕಾನೂನಿಗಿಂತ ಮೇಲಲ್ಲ ಎಂದು ಬರೆದರು. ಎಲ್ಲ ಅಥೆನ್ಸಿನವರಿಗೂ ಅನ್ವಯಿಸದ ಕಾನೂನನ್ನು ಒಬ್ಬನೇ ವ್ಯಕ್ತಿಗಾಗಿ ಮಾಡುವಂತಿಲ್ಲ, ಮಾಡಲೇಬೇಕಾದರೆ 6000 ಜನ ಗುಪ್ತ ಮತ ಹಾಕಿ ಒಪ್ಪಬೇಕು ಎಂದೂ ಬರೆದರು.