ಜುಲೈ ತಿಂಗಳ ಕೆಂಪು ಕಲ್ಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ಜುಲೈನಲ್ಲಿ ಹುಟ್ಟಿದವರು ಯಾರಿದ್ದೀರಿ, ಸ್ವಲ್ಪ ಕೈ ಎತ್ತಿ. ಪರವಾಗಿಲ್ಲ, ಸುಮಾರು ಜನ ಇದ್ದೀರಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡವರು ಕೈ ಎತ್ತುವ ಹಾಗಿಲ್ಲ. ದಾಖಲೆ ಪ್ರಕಾರ ನಿಮ್ಮ ಜನ್ಮರತ್ನ ಮುತ್ತು.

ಜುಲೈನವರ ಜನ್ಮರತ್ನ ಮಾಣಿಕ್ಯ, ಅಂದರೆ ರೂಬಿ. ಇದನ್ನು ಹೇಳಿದ್ದು ಯಾವ ಋಷಿಯೂ ಅಲ್ಲ. 1912ರಲ್ಲಿ ಅಮೆರಿಕದ ಒಡವೆ ವ್ಯಾಪಾರಿಗಳ ಸಂಘ ಕೂತು ಹನ್ನೆರಡು ತಿಂಗಳಿಗೂ ಕಲ್ಲು ಹಂಚಿತು. ತಿಂಗಳಿಗೊಂದು ಕಲ್ಲು ಅನ್ನುವ ರೂಢಿ ಯುರೋಪಿನಲ್ಲಿ ಅದಕ್ಕೂ ಹಳೆಯದು. ಆದರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಅಂಗಡಿಯವರಿಗೆ ಅದು ಕಷ್ಟ ಅಲ್ವಾ, ಅದಕ್ಕೇ ಒಂದೇ ಪಟ್ಟಿ ಮಾಡಿಕೊಂಡರು.

ನಮ್ಮ ನವರತ್ನದ ಲೆಕ್ಕ ಬೇರೆ. ಅಲ್ಲಿ ಮಾಣಿಕ್ಯ ಸೂರ್ಯನ ಕಲ್ಲು. ಸಿಂಹ ರಾಶಿಯ ಒಡೆಯ ಸೂರ್ಯ, ಹಾಗಾಗಿ ಆ ರಾಶಿಯವರಿಗೆ ಮಾಣಿಕ್ಯ ಹೇಳುತ್ತಾರೆ. ನಮ್ಮ ಪಂಚಾಂಗದಲ್ಲಿ ಸೂರ್ಯ ಸಿಂಹಕ್ಕೆ ಬರುವುದು ಆಗಸ್ಟ್ ಮಧ್ಯದಲ್ಲಿ. ಅದೂ ಅಲ್ಲದೆ ನಾವು ರಾಶಿ ನೋಡುವುದು ಚಂದ್ರನಿಂದ. ಅಂದಮೇಲೆ ಜುಲೈನಲ್ಲಿ ಹುಟ್ಟಿದ್ದಕ್ಕೂ ಜಾತಕದ ಮಾಣಿಕ್ಯಕ್ಕೂ ಸಂಬಂಧವೇ ಇಲ್ಲ. ಅಂಗಡಿಗಳಲ್ಲಿ ಎರಡನ್ನೂ ಬೆರೆಸಿ ಹೇಳುತ್ತಾರೆ. ಅದು ವ್ಯಾಪಾರ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಮಾಣಿಕ್ಯದ ಇತಿಹಾಸದಲ್ಲಿ ಅರ್ಧಕ್ಕರ್ಧ ಗುರುತು ತಪ್ಪಿದ ಇತಿಹಾಸ. ರಾಜರಿಗೂ ತಪ್ಪಿದೆ, ರಾಣಿಯರಿಗೂ ತಪ್ಪಿದೆ. ನಮ್ಮ ಮನೆಯ ಪೆಟ್ಟಿಗೆಗಳಲ್ಲೂ ತಪ್ಪಿದೆ.

ಬ್ರಿಟನ್ನಿನ ರಾಜಕಿರೀಟದಿಂದ ಶುರು ಮಾಡೋಣ. ಅದರ ಮುಂಭಾಗದಲ್ಲಿ, ನಟ್ಟನಡುವೆ, ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದಾದ ಕೆಂಪು ಕಲ್ಲಿದೆ. ತೂಕ ಸುಮಾರು 170 ಕ್ಯಾರಟ್, ಐದು ಕ್ಯಾರಟ್ ಅಂದರೆ ಒಂದು ಗ್ರಾಂ. ಹೆಸರು ಬ್ಲ್ಯಾಕ್ ಪ್ರಿನ್ಸ್ ರೂಬಿ. ಅದರ ಕಥೆ ರಕ್ತದಿಂದಲೇ ಶುರುವಾಗುತ್ತದೆ. ಸ್ಪೇನಿನ ಕಾಸ್ಟೀಲ್ ರಾಜ ಪೆಡ್ರೊ, ಗ್ರನಾಡದ ಮುಸ್ಲಿಂ ದೊರೆಯನ್ನು ಮಾತುಕತೆಗೆ ಕರೆದು ಕೊಲ್ಲಿಸಿ ಈ ಕಲ್ಲನ್ನು ಕಿತ್ತುಕೊಂಡನಂತೆ. 1367ರಲ್ಲಿ ಯುದ್ಧದಲ್ಲಿ ಸಹಾಯ ಮಾಡಿದ್ದಕ್ಕೆ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್‌ಗೆ, ಅಂದರೆ ಬ್ಲ್ಯಾಕ್ ಪ್ರಿನ್ಸ್‌ಗೆ, ಕೊಟ್ಟನಂತೆ. 1415ರಲ್ಲಿ ಐದನೇ ಹೆನ್ರಿ ಇದನ್ನು ಶಿರಸ್ತ್ರಾಣದ ಮೇಲೆ ಇಟ್ಟುಕೊಂಡು ಅಜಿನ್‌ಕೋರ್ಟ್ ಯುದ್ಧಕ್ಕೆ ಹೋದ, ತಲೆಗೆ ಏಟು ಬಿದ್ದರೂ ಬದುಕಿದ ಅಂತಲೂ ಹೇಳುತ್ತಾರೆ.

ಇಷ್ಟೆಲ್ಲ ಆದಮೇಲೆ ನೋಡಿದರೆ ಅದು ಮಾಣಿಕ್ಯವೇ ಅಲ್ಲ. ಸ್ಪೈನೆಲ್ ಅನ್ನುವ ಬೇರೆ ಖನಿಜ. ಹಿಂದೆ ಯಾರೋ ಅದನ್ನು ಪದಕವಾಗಿ ನೇತುಹಾಕಲು ಮೇಲೆ ತೂತು ಕೊರೆದಿದ್ದರು. ಆಮೇಲೆ ಆ ತೂತನ್ನು ಒಂದು ಸಣ್ಣ ಕಲ್ಲಿನಿಂದ ಮುಚ್ಚಿದರು. ಆ ಸಣ್ಣ ಕಲ್ಲು ಮಾತ್ರ ನಿಜವಾದ ಮಾಣಿಕ್ಯ! ನನಗೆ ಇಡೀ ಕಿರೀಟದಲ್ಲಿ ಇಷ್ಟವಾದದ್ದು ಆ ಬಿರಡೆಯೇ.

ಮೊಘಲರ ಖಜಾನೆಯ ತೈಮೂರ್ ರೂಬಿಯದ್ದೂ ಇದೇ ಕಥೆ. 352 ಕ್ಯಾರಟ್‌ಗೂ ಜಾಸ್ತಿ. ಅದರ ಮೈಮೇಲೆ ಪರ್ಷಿಯನ್ ಅಕ್ಷರಗಳಲ್ಲಿ ಜಹಾಂಗೀರ್, ಷಾಜಹಾನ್, ನಾದಿರ್ ಷಾ ಮುಂತಾದವರ ಹೆಸರು ಕೆತ್ತಿದೆ. ಕೊನೆಗೆ ಅದು ಲಾಹೋರಿನಿಂದ ವಿಕ್ಟೋರಿಯಾ ರಾಣಿಯ ಕೈ ಸೇರಿತು. ಅದೂ ಸ್ಪೈನೆಲ್. ತೈಮೂರನಿಗೂ ಅದಕ್ಕೂ ಸಂಬಂಧ ಇರಲಿಲ್ಲ ಅಂತ ಈಗಿನ ಸಂಶೋಧಕರು ಹೇಳುತ್ತಾರೆ. ಅಂದರೆ ಹೆಸರಿನ ಎರಡೂ ಭಾಗ ತಪ್ಪು. ಆದರೆ ಮೊಘಲರು ಪೂರ್ತಿ ಮೋಸ ಹೋಗಿದ್ದರು ಅನ್ನುವ ಹಾಗಿಲ್ಲ. ಅಫ್ಘಾನಿಸ್ತಾನ, ತಾಜಿಕಿಸ್ತಾನದ ಗಡಿಯ ಬದಕ್ಷಾನ್ ಕಡೆಯಿಂದ ಬರುತ್ತಿದ್ದ ಈ ಕಲ್ಲನ್ನು ಅವರು 'ಲಾಲ್' ಅಂತ ಬೇರೆಯಾಗಿಯೇ ಗುರುತಿಸುತ್ತಿದ್ದರು. ಅದಕ್ಕೆ ಮರ್ಯಾದೆಯೂ ಜಾಸ್ತಿ ಇತ್ತು. ಗೊಂದಲ ಹೆಚ್ಚಾಗಿ ಯುರೋಪಿನವರದು.

ಅಲ್ಲಿ ಎರಡನ್ನೂ ಸರಿಯಾಗಿ ಬೇರೆ ಮಾಡಿದ್ದು 1783ರಲ್ಲಿ, ಫ್ರಾನ್ಸಿನ ರೋಮೆ ದ ಲಿಲ್ ಅನ್ನುವ ಖನಿಜ ತಜ್ಞ. ಮಾಣಿಕ್ಯ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕೊರಂಡಮ್ ಅನ್ನುವ ಖನಿಜ. ಸ್ಪೈನೆಲ್‌ನಲ್ಲಿ ಮೆಗ್ನೀಷಿಯಂ ಕೂಡ ಇದೆ. ಮೋಸ್ ಗಡಸುತನದ ಮಾಪಕದಲ್ಲಿ ಮಾಣಿಕ್ಯಕ್ಕೆ 9, ಸ್ಪೈನೆಲ್‌ಗೆ 8, ವಜ್ರಕ್ಕೆ 10. ಮಾಣಿಕ್ಯವನ್ನು ತಿರುಗಿಸಿ ನೋಡಿದರೆ ಒಂದು ದಿಕ್ಕಿನಲ್ಲಿ ನೇರಳೆ ಮಿಶ್ರಿತ ಕೆಂಪು, ಇನ್ನೊಂದು ದಿಕ್ಕಿನಲ್ಲಿ ಕಿತ್ತಳೆ ಮಿಶ್ರಿತ ಕೆಂಪು ಕಾಣುತ್ತದೆ. ಸ್ಪೈನೆಲ್ ಎಲ್ಲ ಕಡೆಯಿಂದಲೂ ಒಂದೇ ಬಣ್ಣ. ಇಷ್ಟು ಕಾಲ ಮಾಣಿಕ್ಯದ ವೇಷದಲ್ಲಿ ಬದುಕಿದ ಸ್ಪೈನೆಲ್‌ಗೂ ಕೊನೆಗೆ ನ್ಯಾಯ ಸಿಕ್ಕಿತು. 2016ರಲ್ಲಿ ಅದನ್ನು ಆಗಸ್ಟ್ ತಿಂಗಳ ಜನ್ಮರತ್ನಗಳ ಪಟ್ಟಿಗೆ ಸೇರಿಸಿದರು.

ಹಾಗಾದರೆ ಎರಡೂ ಒಂದೇ ಥರ ಕೆಂಪಾಗಿರುವುದು ಯಾಕೆ? ಎರಡಕ್ಕೂ ಬಣ್ಣ ಕೊಡುವುದು ಕ್ರೋಮಿಯಂ. ಶುದ್ಧ ಕೊರಂಡಮ್‌ಗೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ನೂರಕ್ಕೆ ಒಂದರಷ್ಟು ಕ್ರೋಮಿಯಂ ಕೂತರೂ ಸಾಕು, ಕಲ್ಲು ಕೆಂಪಾಗುತ್ತದೆ. ಕಬ್ಬಿಣ, ಟೈಟಾನಿಯಂ ಕೂತರೆ ಅದೇ ಕಲ್ಲು ನೀಲ ಆಗುತ್ತದೆ. ಶನಿಯ ನೀಲ, ಸೂರ್ಯನ ಮಾಣಿಕ್ಯ ಎರಡೂ ಒಂದೇ ಖನಿಜ ಅಂದರೆ ಜ್ಯೋತಿಷಿಗಳು ಸ್ವಲ್ಪ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಪುರಾಣದಲ್ಲೂ ಶನಿ ಸೂರ್ಯನ ಮಗನೇ ತಾನೆ.

ಕ್ರೋಮಿಯಂ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಮಾಣಿಕ್ಯ ತಾನೇ ಕೆಂಪು ಬೆಳಕು ಸೂಸುತ್ತದೆ. ಒಳಗೆ ಕೆಂಡ ಇದೆ ಅಂತ ಹಿಂದಿನವರು ಹೇಳಿದ್ದು ಸುಮ್ನೆ ಅಲ್ಲ. ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಈ ಹೊಳಪು ಸಾಯುತ್ತದೆ. ಥಾಯ್ಲೆಂಡಿನ ಮಾಣಿಕ್ಯ ಮಂಕಾಗಿ ಕಾಣುವುದು, ಬರ್ಮಾದ್ದು ಉರಿಯುವ ಹಾಗೆ ಕಾಣುವುದು ಇದೇ ಕಾರಣಕ್ಕೆ.

ಬರ್ಮಾದ ಮೊಗೋಕ್ ಕಣಿವೆ ಮಾಣಿಕ್ಯದ ತವರು. ಭಾರತದ ಭೂಭಾಗ ಏಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಿತಲ್ಲ, ಆಗಿನ ಒತ್ತಡ ಮತ್ತು ಬಿಸಿಗೆ ಹಳೆಯ ಸಮುದ್ರದ ಸುಣ್ಣದ ಕಲ್ಲು ಅಮೃತಶಿಲೆ ಆಯಿತು. ಆ ಅಮೃತಶಿಲೆಯೊಳಗೆ ಮಾಣಿಕ್ಯ ಹುಟ್ಟಿತು. ಅದರಲ್ಲಿ ಕಬ್ಬಿಣ ಕಡಿಮೆ. ವ್ಯಾಪಾರಿಗಳು 'ಪಾರಿವಾಳದ ರಕ್ತ' ಅನ್ನುವ ಬಣ್ಣ ಬಂದಿದ್ದು ಅಲ್ಲಿಂದ. 2015ರಲ್ಲಿ ಸನ್‌ರೈಸ್ ರೂಬಿ ಅನ್ನುವ 25.59 ಕ್ಯಾರಟ್‌ನ ಬರ್ಮಾ ಕಲ್ಲು ಜಿನೀವಾದ ಹರಾಜಿನಲ್ಲಿ 3 ಕೋಟಿ ಡಾಲರ್‌ಗೂ ಜಾಸ್ತಿಗೆ ಹೋಯಿತು. ತೂಕ ನೋಡಿದರೆ ಸುಮಾರು 5 ಗ್ರಾಂ! 2023ರಲ್ಲಿ ಮೊಜಾಂಬಿಕ್‌ನ 55.22 ಕ್ಯಾರಟ್ ಕಲ್ಲು ಆ ದಾಖಲೆಯನ್ನೂ ಮುರಿಯಿತು.

ಮೊಗೋಕ್‌ನಲ್ಲಿ ಒಂದು ಕಥೆ ಹೇಳುತ್ತಾರೆ. ಅಲ್ಲಿನ ದೊಡ್ಡ ಕಲ್ಲುಗಳೆಲ್ಲ ರಾಜನಿಗೆ ಸೇರಬೇಕು ಅನ್ನುವ ಕಾನೂನು ಇತ್ತು. ನ್ಗಾ ಮೌಕ್ ಅನ್ನುವವನಿಗೆ ಒಂದು ಭಾರಿ ಮಾಣಿಕ್ಯ ಸಿಕ್ಕಿತು. ಅದರಲ್ಲಿ ಒಂದು ಬಿರುಕಿತ್ತು. ಅಲ್ಲಿಗೇ ಒಡೆದು, ಒಂದು ಹೋಳನ್ನು ರಾಜನಿಗೆ ಒಪ್ಪಿಸಿದ. ಇನ್ನೊಂದನ್ನು ಗುಟ್ಟಾಗಿ ಹೊರದೇಶಕ್ಕೆ ಮಾರಿದ. ಆ ಎರಡನೇ ಹೋಳು ಕೈಯಿಂದ ಕೈಗೆ ಹೋಗಿ ಹೋಗಿ ಕೊನೆಗೆ ಅದೇ ರಾಜನ ಮುಂದೆ ಬಂತು. ಎರಡನ್ನೂ ಜೋಡಿಸಿ ನೋಡಿದರೆ ಸರಿಯಾಗಿ ಕೂತುಕೊಂಡವು. ರಾಜ ಅವನ ಸಂಸಾರವನ್ನೆಲ್ಲ ಸುಡಿಸಿದ. ಕಾಡಿಗೆ ಹೋಗಿದ್ದ ಹೆಂಡತಿ ಮಾತ್ರ ಉಳಿದಳು. ಅವಳು ನಿಂತು ನೋಡಿದ ಗುಡ್ಡಕ್ಕೆ ಇವತ್ತಿಗೂ ಅವಳದೇ ಹೆಸರು. ಕಥೆ ನಿಜವೋ ಸುಳ್ಳೋ, ಆದರೆ ಅಲ್ಲಿಯ ಜನ ದೊಡ್ಡ ಕಲ್ಲು ಸಿಕ್ಕರೆ ಒಡೆದು ಚೂರು ಮಾಡುತ್ತಿದ್ದರು ಅನ್ನುವುದನ್ನು ಪ್ರವಾಸಿಗರೂ ಬರೆದಿದ್ದಾರೆ. ಕಾನೂನು ಹಾಗಿದ್ದರೆ ಇನ್ನೇನು ಮಾಡುತ್ತಾರೆ?

1885ರಲ್ಲಿ ಬ್ರಿಟಿಷರು ಬರ್ಮಾದ ರಾಜಧಾನಿ ಮಾಂಡಲೆಯನ್ನು ಹಿಡಿದರು. ಕೊನೆಯ ರಾಜ ತೀಬಾನನ್ನು ಕರೆತಂದು ನಮ್ಮ ಕೊಂಕಣ ತೀರದ ರತ್ನಗಿರಿಯಲ್ಲಿ ಇಟ್ಟರು. ಸಾಯುವ ತನಕ, ಅಂದರೆ 1916ರವರೆಗೆ, ಅಲ್ಲೇ ಇದ್ದ. ನ್ಗಾ ಮೌಕ್ ಕಲ್ಲನ್ನು ಒಬ್ಬ ಬ್ರಿಟಿಷ್ ಅಧಿಕಾರಿ ನೋಡಿ ಕೊಡುತ್ತೇನೆ ಅಂತ ತೆಗೆದುಕೊಂಡ, ವಾಪಸ್ ಕೊಡಲಿಲ್ಲ ಅನ್ನುವುದು ಅವನ ದೂರು. ಕಲ್ಲು ಮತ್ತೆ ಸಿಗಲಿಲ್ಲ.

ಇನ್ನು ನಮ್ಮ ಪುರಾಣಕ್ಕೆ ಬರೋಣ. ಗರುಡ ಪುರಾಣದಲ್ಲಿ ಬಲ ಅನ್ನುವ ಅಸುರನ ದೇಹದಿಂದ ರತ್ನಗಳೆಲ್ಲ ಹುಟ್ಟುತ್ತವೆ. ಅವನ ರಕ್ತವನ್ನು ಸೂರ್ಯ ಹೊತ್ತುಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಲಂಕೆಯ ರಾವಣ ಅಡ್ಡ ಬಂದ. ಸೂರ್ಯ ಹೆದರಿ ರಕ್ತವನ್ನು ಸಿಂಹಳದ ನದಿಯಲ್ಲಿ ಬಿಟ್ಟ. ಆ ನದಿ ರಾವಣಗಂಗೆ ಆಯಿತು, ಅದರ ದಡದಲ್ಲೆಲ್ಲ ಮಾಣಿಕ್ಯ ಹುಟ್ಟಿತು. ಈಗ ಶ್ರೀಲಂಕಾದ ರತ್ನಪುರಕ್ಕೆ ಹೋಗಿ ನೋಡಿ. ಕಲ್ಲು ಸಿಗುವುದು ಬಂಡೆಯಲ್ಲಿ ಅಲ್ಲ, ಹಳೆಯ ನದಿಗಳು ತಂದು ಹಾಕಿದ ಜಲ್ಲಿಯಲ್ಲಿ. ಕಥೆ ಕಟ್ಟಿದವರಿಗೆ ಕಲ್ಲು ಎಲ್ಲಿ ಸಿಗುತ್ತದೆ ಅಂತ ಚೆನ್ನಾಗಿಯೇ ಗೊತ್ತಿತ್ತು.

ನಾಗಮಾಣಿಕ್ಯದ ಬಗ್ಗೆ ಒಂದೇ ಮಾತು. ಹಾವಿನ ಹೆಡೆಯಲ್ಲಿ ಯಾವ ಕಲ್ಲೂ ಬೆಳೆಯುವುದಿಲ್ಲ. ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

ಹಂಪಿ ಬಜಾರಿನಲ್ಲಿ ಮುತ್ತುರತ್ನ ಸೇರಿನಲ್ಲಿ ಅಳೆದರು ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಸೇರಿನ ಮಾತು ಬಿಡಿ, ವ್ಯಾಪಾರವಂತೂ ನಿಜ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿ ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಬಹಿರಂಗವಾಗಿ ಮಾರುತ್ತಾರೆ ಅಂತ ಬರೆದ. ಮುಂದೆ ಪೋರ್ಚುಗೀಸ್ ಪ್ರವಾಸಿ ಪಯಸ್ ಕೂಡ ಅದನ್ನೇ ಹೇಳಿದ. ವಜ್ರ ಹತ್ತಿರದಲ್ಲೇ ಸಿಗುತ್ತಿತ್ತು. ಒಳ್ಳೆಯ ಮಾಣಿಕ್ಯ ಮಾತ್ರ ಹಡಗಿನಲ್ಲಿ ಬರಬೇಕಿತ್ತು, ಸಿಂಹಳದಿಂದ ಮತ್ತು ಬರ್ಮಾದ ಪೆಗುವಿನಿಂದ. ಕರ್ನಾಟಕದಲ್ಲೂ ಕೊರಂಡಮ್ ಇದೆ, ಮೈಸೂರು ಸುತ್ತಮುತ್ತ ಕೆಂಪಾದ ಹರಳೂ ಸಿಗುತ್ತದೆ. ಆದರೆ ಬೆಳಕು ಹಾಯುವುದಿಲ್ಲ. ಉಬ್ಬಾಗಿ ಉಜ್ಜಿದರೆ ಕೆಲವದರಲ್ಲಿ ಆರು ಕಾಲಿನ ನಕ್ಷತ್ರ ಕಾಣುತ್ತದೆ. ಹಸಿರು ಅಭ್ರಕದ ನಡುವೆ ಕೆಂಪು ಚುಕ್ಕೆಗಳಿರುವ ಕಲ್ಲೂ ಇಲ್ಲಿಂದ ಹೊರದೇಶಕ್ಕೆ ಹೋಗುತ್ತದೆ. ನೋಡಲು ಚೆಂದ, ಬೆಲೆ ಕಡಿಮೆ.

ಈಗ ನಮ್ಮ ಅಜ್ಜಿಯರ ಕೆಂಪಿನ ಓಲೆ. ಇಲ್ಲಿಯೇ ಕೆಲವರಿಗೆ ಬೇಸರ ಆಗಬಹುದು. ಪ್ಯಾರಿಸ್ಸಿನ ಆಗಸ್ಟ್ ವರ್ನಯ್ ಅನ್ನುವ ರಸಾಯನಶಾಸ್ತ್ರಜ್ಞ ಮಾಣಿಕ್ಯ ಬೆಳೆಸುವ ವಿಧಾನ ಕಂಡುಹಿಡಿದು, 1902ರಲ್ಲಿ ಹೊರಗೆ ಹೇಳಿದ. ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಪುಡಿಗೆ ಚೂರು ಕ್ರೋಮಿಯಂ ಆಕ್ಸೈಡ್ ಬೆರೆಸಿ, 2,000 ಡಿಗ್ರಿಗೂ ಜಾಸ್ತಿ ಬಿಸಿ ಇರುವ ಜ್ವಾಲೆಯೊಳಗೆ ಸುರಿಯುವುದು. ಕರಗಿದ ಹನಿಗಳು ಕೆಳಗಿನ ಕಡ್ಡಿಯ ಮೇಲೆ ಬಿದ್ದು ಹರಳಾಗುತ್ತವೆ. ಕೆಲವೇ ಗಂಟೆಗಳ ಕೆಲಸ. 1907ರ ಹೊತ್ತಿಗೆ ವರ್ಷಕ್ಕೆ ಸುಮಾರು 1,000 ಕಿಲೋ ತಯಾರಾಗುತ್ತಿತ್ತು. ಮೊಗೋಕ್‌ನ ಬ್ರಿಟಿಷ್ ಗಣಿ ಕಂಪನಿ ಮುಳುಗಿದ್ದಕ್ಕೆ ಇದೂ ಒಂದು ಕಾರಣ. ಆ ಕಲ್ಲು ಭಾರತಕ್ಕೂ ಬಂತು. ಕಳೆದ ನೂರು ವರ್ಷಗಳಲ್ಲಿ ಮಾಡಿಸಿದ ಕೆಂಪಿನ ಓಲೆ, ಅಡ್ಡಿಗೆಯಲ್ಲಿ ಕಲ್ಲುಗಳು ಒಂದೇ ಬಣ್ಣ, ಒಂದೇ ಅಳತೆ ಇದ್ದು ಒಂದು ಚೂರೂ ಕಲೆ ಇಲ್ಲ ಅಂದರೆ ಅವು ಬೆಂಕಿಯಲ್ಲಿ ಬೆಳೆದವು ಅನ್ನುವ ಸಾಧ್ಯತೆಯೇ ಹೆಚ್ಚು. ಭೂತಗನ್ನಡಿಯಲ್ಲಿ ಒಳಗೆ ಗ್ರಾಮಫೋನ್ ತಟ್ಟೆಯ ಹಾಗೆ ಬಾಗಿದ ಗೆರೆಗಳು ಕಂಡರೆ ಅನುಮಾನವೇ ಬೇಡ. ಭೂಮಿಯಲ್ಲಿ ಬೆಳೆದ ಕಲ್ಲಿನ ಗೆರೆಗಳು ನೇರ.

ಆದರೆ ಅದನ್ನು ಸುಳ್ಳು ಕಲ್ಲು ಅನ್ನಲು ನನಗೆ ಮನಸ್ಸಿಲ್ಲ. ಬ್ಲ್ಯಾಕ್ ಪ್ರಿನ್ಸ್ ರೂಬಿ ಮಾಣಿಕ್ಯ ಅಲ್ಲ, ಅಜ್ಜಿಯ ಓಲೆಯ ಕಲ್ಲು ಮಾಣಿಕ್ಯ. ಅದೇ ಅಲ್ಯೂಮಿನಾ, ಅದೇ ಕ್ರೋಮಿಯಂ, ಅದೇ ಗಡಸುತನ. ಬೆಲೆ ಮಾತ್ರ ಇಲ್ಲ.

ಈ ಬೆಳೆಸಿದ ಮಾಣಿಕ್ಯ ನಿಮ್ಮ ಕೈಗೂ ಬಂದಿದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಎಚ್‌ಎಂಟಿ ಜನತಾ ವಾಚಿನ ಮುಖದ ಮೇಲೆ '17 ಜ್ಯುಯೆಲ್ಸ್' ಅಂತ ಇರುತ್ತಿತ್ತು, ನೆನಪಿದೆಯಾ? ಆ ಹದಿನೇಳೂ ಇದೇ ಕಲ್ಲು. ಚಕ್ರದ ಅಚ್ಚು ತಿರುಗುವ ಜಾಗದಲ್ಲಿ ಸವೆಯದೆ ಇರಲಿ ಅಂತ ಹಾಕುತ್ತಿದ್ದರು. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಜಗತ್ತಿನ ಮೊದಲ ಲೇಸರ್ ಮಾಡಿದ್ದೂ ಬೆಳೆಸಿದ ಮಾಣಿಕ್ಯದ ಸಣ್ಣ ಕೋಲಿನಿಂದ. 1969ರಲ್ಲಿ ಚಂದ್ರನ ಮೇಲೆ ಇಟ್ಟುಬಂದ ಕನ್ನಡಿಗೆ ಭೂಮಿಯಿಂದ ಬೆಳಕು ಬಿಟ್ಟು ದೂರ ಅಳೆದಾಗಲೂ ಮಾಣಿಕ್ಯದ ಲೇಸರೇ ಬಳಸಿದ್ದರು.

ಕೊಳ್ಳುವವರಿಗೆ ಎರಡು ಮಾತು. ಈಗಿನ ಬಹುತೇಕ ಮಾಣಿಕ್ಯಗಳನ್ನು ಬಣ್ಣ ತಿಳಿಯಾಗಲಿ ಅಂತ ಕಾಯಿಸಿರುತ್ತಾರೆ. ಅದು ಹಳೆಯ ಪದ್ಧತಿ, ಹನ್ನೊಂದನೇ ಶತಮಾನದ ಪಂಡಿತ ಅಲ್ಬಿರೂನಿಯೇ ಬರೆದಿದ್ದಾನೆ. ಹೇಳಿ ಮಾರಿದರೆ ತಪ್ಪಿಲ್ಲ. ಆದರೆ ಸುಮಾರು 2004ರಿಂದ ಇನ್ನೊಂದು ಬಗೆ ಬಂದಿದೆ. ಬಿರುಕು ತುಂಬಿದ ಕಳಪೆ ಕಲ್ಲಿಗೆ ಸೀಸದ ಗಾಜು ತುಂಬುತ್ತಾರೆ. ಹೊರಗೆ ಫಳಫಳ ಹೊಳೆಯುತ್ತದೆ. ನಿಂಬೆರಸ ತಾಗಿದರೂ ಗಾಜು ಕೊರೆದುಹೋಗುತ್ತದೆ, ಅಕ್ಕಸಾಲಿಗ ಬೆಸುಗೆ ಹಾಕಿದರೆ ಕರಗುತ್ತದೆ. ನಮ್ಮ ಮನೆಗಳಲ್ಲಿ ಒಡವೆಯನ್ನು ಹುಣಸೆಹಣ್ಣಿನಲ್ಲಿ ತೊಳೆಯುವವರು ಇದ್ದಾರೆ, ಹುಷಾರು. ದೊಡ್ಡ ಕಲ್ಲು ಕಡಿಮೆ ಬೆಲೆಗೆ ಸಿಕ್ಕರೆ ಮೊದಲು ಇದನ್ನೇ ಕೇಳಿ, ಲ್ಯಾಬ್ ವರದಿ ಇಲ್ಲದೆ ದುಡ್ಡು ಕೊಡಬೇಡಿ. ನೇರಳಾತೀತ ಟಾರ್ಚ್ ಹಾಕಿದಾಗ ಹೊಳೆಯಿತು ಅಂತ ನಂಬಬೇಡಿ. ಬೆಳೆಸಿದ ಕಲ್ಲು ಇನ್ನೂ ಜೋರಾಗಿ ಹೊಳೆಯುತ್ತದೆ.

ಓಲೆ, ಉಂಗುರ ತಂದವರು ಆ ಮೇಜಿನ ಹತ್ತಿರ ಬನ್ನಿ, ಲೂಪ್ ಅನ್ನುವ ಸಣ್ಣ ಭೂತಗನ್ನಡಿ ಇದೆ, ಒಟ್ಟಿಗೆ ನೋಡೋಣ. ಗೆರೆ ಬಾಗಿದೆಯೋ ನೇರವೋ ನೀವೇ ನೋಡಬಹುದು. ಬೆಲೆ ಮಾತ್ರ ನನ್ನನ್ನು ಕೇಳಬೇಡಿ.